ಚೀಟಿಯಲ್ಲಿ ಬರೆಯದ ಔಷಧಿ

ಮೈಸೂರಿನಲ್ಲಿ ಸಯ್ಯಾಜಿರಾವ್ ರಸ್ತೆಯೂ ಇರ್ವಿನ್ ರಸ್ತೆಯೂ ಕೂಡುವ ಕಡೆ ಎರಡು ವೈದ್ಯ ಪರಂಪರೆಗಳು ಹೆಚ್ಚುಕಮ್ಮಿ ಎದುರುಬದುರಾಗಿ ನಿಂತಿವೆ. ಒಂದು ಕಡೆ 1908ರಲ್ಲಿ ಹುಟ್ಟಿದ ಸರ್ಕಾರಿ ಆಯುರ್ವೇದ ಕಾಲೇಜು ಮತ್ತು ಅದರ ಆಸ್ಪತ್ರೆ. ಇನ್ನೊಂದು ಕಡೆ 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಇಲ್ಲಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜು, ಅದಕ್ಕೆ ಸೇರಿದ ಕೆ.ಆರ್. ಆಸ್ಪತ್ರೆ, ಹಳ್ಳಿಯವರ ಬಾಯಲ್ಲಿ ದೊಡ್ಡಾಸ್ಪತ್ರೆ. ಎರಡನ್ನೂ ಪೋಷಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸಂಸ್ಥಾನವೇ. ಈಗ ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಪದವಿ ಕೊಡುವುದು ಒಂದೇ ವಿಶ್ವವಿದ್ಯಾಲಯ, 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ.

ಈ ಎರಡು ಕಡೆಯಿಂದ ಹೊರಬಿದ್ದ ಡಾಕ್ಟರುಗಳು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಪೇಟೆ ಬೀದಿಗಳಲ್ಲಿ ಬೋರ್ಡು ತೂಗುಹಾಕಿ ಕೂತಾಗ, ಬೋರ್ಡಿನ ಮೇಲಿನ ಪದವಿಯನ್ನು ಓದಿ ಒಳಗೆ ಹೋಗುವ ರೋಗಿಗಳು ಕಡಿಮೆ. ಮನೆಯ ಮೂರು ತಲೆಮಾರನ್ನು ನೋಡಿದವರು, ರಾತ್ರಿ ಫೋನ್ ಮಾಡಿದರೆ ಎತ್ತುವವರು, ಕೈಗುಣ ಚೆನ್ನಾಗಿರುವವರು ಯಾರೋ ಅವರೇ ‘ನಮ್ಮ ಡಾಕ್ಟ್ರು’. ಅವರ ಮಾತ್ರೆ ನುಂಗುತ್ತಲೇ ಮನೆಯಲ್ಲಿ ಅಮೃತಬಳ್ಳಿ ಕಷಾಯ ಕುದಿಯುತ್ತಿರುತ್ತದೆ, ಪಕ್ಕದ ಊರಿನ ನಾಟಿ ವೈದ್ಯರ ಪುಡಿ ಪೊಟ್ಟಣದಲ್ಲಿರುತ್ತದೆ. ಡಾಕ್ಟರಿಗೆ ಇದು ಗೊತ್ತು. ಡಾಕ್ಟರಿಗೆ ಗೊತ್ತಿದೆ ಎಂಬುದು ರೋಗಿಗೂ ಗೊತ್ತು. ಆದರೂ ಇಬ್ಬರ ನಡುವೆ ಅದರ ಮಾತು ಬರುವುದಿಲ್ಲ. ಕುಟುಂಬ ವೈದ್ಯರು ಬೇರೆ ಪದ್ಧತಿಗಳನ್ನು ನಂಬುತ್ತಾರೋ ಇಲ್ಲವೋ ಎಂದು ಕೇಳುವ ಸಮೀಕ್ಷೆಗಳು ಜಗತ್ತಿನಾದ್ಯಂತ ನಡೆದಿವೆ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ನಂಬಿಕೆಗಿಂತ ದೊಡ್ಡ ಪ್ರಶ್ನೆ ಈ ಮೌನದ್ದು. ಜೀವಕ್ಕೆ ಅಪಾಯ ಬರುವುದು ಬಹಳ ಸಲ ಕಷಾಯದಿಂದಲೂ ಅಲ್ಲ, ಮಾತ್ರೆಯಿಂದಲೂ ಅಲ್ಲ; ಒಂದರ ವಿಷಯ ಇನ್ನೊಂದಕ್ಕೆ ತಿಳಿಯದೆ ಹೋಗುವುದರಿಂದ.

ಜನ ಎಷ್ಟು ಬಳಸುತ್ತಾರೆ ಎಂಬುದಕ್ಕೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಎರಡು ಸುತ್ತುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 2014ರ 71ನೇ ಸುತ್ತಿನಲ್ಲಿ ಕಾಯಿಲೆ ಬಿದ್ದವರು ಯಾವ ಚಿಕಿತ್ಸೆಗೆ ಹೋದರು ಎಂದು ಕೇಳಿದಾಗ ಶೇ 90ಕ್ಕೂ ಹೆಚ್ಚು ಮಂದಿ ಇಂಗ್ಲಿಷ್ ಔಷಧಿ ಎಂದರು. ಆಯುಷ್ ಪದ್ಧತಿಗಳ ಪಾಲು ಒಂದಂಕಿ ದಾಟಲಿಲ್ಲ. 2022ರ ಜುಲೈನಿಂದ 2023ರ ಜೂನ್‌ವರೆಗೆ ನಡೆದ 79ನೇ ಸುತ್ತಿನಲ್ಲಿ, ಕಾಯಿಲೆ ಬಾರದಿರಲೆಂದೋ ಬಂದದ್ದು ಹೋಗಲೆಂದೋ ವರ್ಷದಲ್ಲಿ ಒಮ್ಮೆಯಾದರೂ ಆಯುಷ್ ಬಳಸಿದ್ದೀರಾ ಎಂದು ಕೇಳಿದರು. ಹಳ್ಳಿಗಳಲ್ಲಿ ಶೇ 46, ಪಟ್ಟಣಗಳಲ್ಲಿ ಶೇ 53 ಮಂದಿ ಹೌದೆಂದರು. ಎರಡರ ನಡುವೆ ಕೋವಿಡ್ ಬಂದುಹೋದದ್ದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಕೇಳಿದ ರೀತಿ. ‘ಎಲ್ಲಿ ತೋರಿಸಿದಿರಿ’ ಎಂದರೆ ಜನ ಡಾಕ್ಟರ ಹೆಸರು ಹೇಳುತ್ತಾರೆ. ‘ಏನೇನು ತಗೊಂಡಿರಿ’ ಎಂದರೆ ಮಾತ್ರ ಅಡುಗೆಮನೆಯ ಡಬ್ಬ ತೆರೆಯುತ್ತದೆ. ಪಟ್ಟಣದವರೇ ಹೆಚ್ಚು ಬಳಸುತ್ತಾರೆ ಎಂಬುದನ್ನೂ ಗಮನಿಸಬೇಕು. ಓದು ಬರಹ ಬಂದಂತೆ ನಾಟಿ ಔಷಧಿ ತಾನಾಗಿ ಹಿಂದೆ ಸರಿಯುತ್ತದೆಂದು ಹಳೆಯ ಡಾಕ್ಟರುಗಳು ನಂಬಿದ್ದರು. ಹಾಗೆ ಆಗಲಿಲ್ಲ.

ಮೌನವೂ ನಮ್ಮೂರಿನದಷ್ಟೇ ಅಲ್ಲ. ಅಮೆರಿಕದಲ್ಲಿ ಡೇವಿಡ್ ಐಸನ್‌ಬರ್ಗ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂವರಲ್ಲಿ ಒಬ್ಬರು ಪರ್ಯಾಯ ಚಿಕಿತ್ಸೆ ಬಳಸುತ್ತಿದ್ದರು. ಬಳಸಿದವರಲ್ಲಿ ಶೇ 72 ಮಂದಿ ಅದನ್ನು ತಮ್ಮ ಡಾಕ್ಟರಿಗೆ ಹೇಳಿರಲಿಲ್ಲ. ಅದಕ್ಕೂ ಹತ್ತು ವರ್ಷ ಮೊದಲು ಬ್ರಿಟನ್ನಿನಲ್ಲಿ ಡಿ.ಟಿ. ರೈಲಿ, ಕುಟುಂಬ ವೈದ್ಯರಾಗಲು ತರಬೇತಿ ಪಡೆಯುತ್ತಿದ್ದ 100 ಯುವ ಡಾಕ್ಟರುಗಳನ್ನು ಕೇಳಿದಾಗ 86 ಮಂದಿ ಇಂಥ ಚಿಕಿತ್ಸೆಗಳ ಬಗ್ಗೆ ಒಲವು ತೋರಿದ್ದರು. ಅದೇ ದೇಶದಲ್ಲಿ 2017ರ ಹೊತ್ತಿಗೆ ಸರ್ಕಾರಿ ಆರೋಗ್ಯ ಸೇವೆಯು ಕುಟುಂಬ ವೈದ್ಯರು ಹೋಮಿಯೋಪಥಿ ಮತ್ತು ಗಿಡಮೂಲಿಕೆ ಔಷಧಿಗಳನ್ನು ಬರೆಯಬಾರದೆಂದು ಸೂಚಿಸಿತು. ಸ್ವಿಟ್ಜರ್ಲೆಂಡಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ: 2009ರ ಜನಮತದಲ್ಲಿ ಶೇ 67 ಮಂದಿ ಪರ್ಯಾಯ ಪದ್ಧತಿಗಳ ಪರ ನಿಂತರು. ಒಂದೇ ಬಗೆಯ ಪುರಾವೆ ಮುಂದಿಟ್ಟುಕೊಂಡು ಎರಡು ದೇಶ ಎರಡು ದಾರಿ ಹಿಡಿದವು.

ನಾಲ್ಕು ತಾಲ್ಲೂಕುಗಳಿಗೆ ಮರಳೋಣ. ಇಲ್ಲಿನ ಡಾಕ್ಟರುಗಳ ಅಭಿಪ್ರಾಯವನ್ನು ತೂಗುವುದಾದರೆ ಕಾಯಿಲೆಯಿಂದ ಕಾಯಿಲೆಗೆ ತೂಗಬೇಕು. ‘ಆಯುರ್ವೇದದ ಬಗ್ಗೆ ನಿಮ್ಮ ನಿಲುವೇನು’ ಎಂದು ಸಾರಾಸಗಟಾಗಿ ಕೇಳಿದರೆ ಸಾರಾಸಗಟಾದ ಉತ್ತರವೇ ಬರುತ್ತದೆ. ಮಂಡಿನೋವಿಗೆ ಎಣ್ಣೆ ಹಚ್ಚಿಸಿಕೊಳ್ಳಿ ಎನ್ನುವ ಎಂಬಿಬಿಎಸ್ ಡಾಕ್ಟರೇ ಹಾವು ಕಚ್ಚಿದವನನ್ನು ನಾಟಿ ಮದ್ದಿಗೆ ಒಯ್ದರೆ ಕೆಂಡವಾಗುತ್ತಾರೆ. ಎರಡೂ ಸರಿಯೇ.

ಮಂಡಿನೋವನ್ನೇ ತೆಗೆದುಕೊಳ್ಳಿ. ಐವತ್ತು ದಾಟಿದ ಹೆಣ್ಣುಮಕ್ಕಳು, ವರ್ಷಗಟ್ಟಲೆ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದವರು, ಸಂಜೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಾರೆ. ‘ಒಂದು ಸೂಜಿ ಮಾಡಿ ಸಾ’ ಎಂಬುದು ಅವರ ಬೇಡಿಕೆ. ನೋವಿನ ಮಾತ್ರೆ ದಿನವೂ ಕೊಟ್ಟರೆ ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡ ಸೋಲುತ್ತದೆ; ಕೀಲು ಬದಲಿಸುವ ಆಪರೇಷನ್ ಎಲ್ಲರ ಕೈಗೆ ಎಟಕುವುದಿಲ್ಲ. ಇಂಥ ಕಡೆ ಬಹಳ ಡಾಕ್ಟರುಗಳು ತೈಲ, ಬಿಸಿನೀರಿನ ಶಾಖ, ಗುಗ್ಗುಲಿನ ಗುಳಿಗೆಗಳತ್ತ ಕಣ್ಣುಹಾಯಿಸುತ್ತಾರೆ. ಅದಕ್ಕೆ ಆಧಾರವೂ ಇಲ್ಲದಿಲ್ಲ. ಪುಣೆಯ ಅರವಿಂದ್ ಚೋಪ್ರಾ ಮತ್ತು ಸಂಗಡಿಗರು 440 ಮಂಡಿನೋವಿನ ರೋಗಿಗಳನ್ನು ಗುಂಪು ಮಾಡಿ, ಕೆಲವರಿಗೆ ಆಯುರ್ವೇದದ ಗುಳಿಗೆ, ಕೆಲವರಿಗೆ ಗ್ಲುಕೋಸಮೈನ್, ಉಳಿದವರಿಗೆ ಸೆಲೆಕಾಕ್ಸಿಬ್ ಕೊಟ್ಟು, ಯಾರಿಗೆ ಯಾವುದೆಂದು ರೋಗಿಗೂ ಡಾಕ್ಟರಿಗೂ ತಿಳಿಯದಂತೆ 24 ವಾರ ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನೋವು ಇಳಿಸುವುದರಲ್ಲಿ ಮೂರೂ ಸರಿಸಮ ನಿಂತವು. ಆದರೆ ಆಯುರ್ವೇದ ಗುಳಿಗೆ ನುಂಗಿದವರಲ್ಲಿ ಕೆಲವರಿಗೆ ಯಕೃತ್ತಿನ ಎಂಜೈಮು ಏರಿತು. ಪರೀಕ್ಷೆಗೆ ಒಡ್ಡಿಕೊಂಡ ಔಷಧಿಯ ಗುಣ ಇದು. ಅದರ ಉಪಯೋಗವೂ ಗೊತ್ತಾಗುತ್ತದೆ, ತೊಂದರೆಯೂ ಗೊತ್ತಾಗುತ್ತದೆ, ರಕ್ತಪರೀಕ್ಷೆ ಯಾವಾಗ ಮಾಡಿಸಬೇಕೆಂದು ಹೇಳಲು ಡಾಕ್ಟರಿಗೆ ದಾರಿ ಸಿಗುತ್ತದೆ.

ಕಾಮಾಲೆಯ ಕಥೆ ಇದಕ್ಕಿಂತ ಗೋಜಲು. ಈ ಭಾಗದಲ್ಲಿ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ನೆಲನೆಲ್ಲಿ. ಬೇರುಸಹಿತ ಕಿತ್ತು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಬೆಳಗಿನ ಹೊತ್ತು ಕೊಡುತ್ತಾರೆ. ಎಣ್ಣೆ, ಖಾರ ವರ್ಜ್ಯ. 1988ರಲ್ಲಿ ಮದರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಹೆಪಟೈಟಿಸ್ ಬಿ ವೈರಾಣುವನ್ನು ಹೊತ್ತ 37 ಮಂದಿಗೆ ನೆಲನೆಲ್ಲಿ ಕೊಟ್ಟಾಗ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮಾಯವಾಯಿತೆಂದು ಬರೆದರು. ದೇಶವಿಡೀ ಸಂಭ್ರಮಪಟ್ಟಿತು. ಆಮೇಲೆ ಥಾಯ್ಲೆಂಡ್ ಮೊದಲಾದ ಕಡೆ ಪ್ರಯೋಗ ಮಾಡಿದವರಿಗೆ ಆ ಫಲ ಸಿಗಲಿಲ್ಲ. ಇತ್ತ ಹಳ್ಳಿಯಲ್ಲಿ ನೆಲನೆಲ್ಲಿಯ ಕೀರ್ತಿ ಒಂದಿಷ್ಟೂ ಕುಂದಲಿಲ್ಲ, ಏಕೆಂದರೆ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತವೆ. ಅನುಭವಿ ಡಾಕ್ಟರುಗಳು ಇದನ್ನು ತಿಳಿದೇ ನೆಲನೆಲ್ಲಿಗೆ ಅಡ್ಡಿ ಮಾಡುವುದಿಲ್ಲ. ಅವರು ಪಟ್ಟು ಹಿಡಿಯುವುದು ಬೇರೆ ಕಡೆ: ಬಸುರಿಗೆ ಕಾಮಾಲೆ ಬಂದರೆ, ರೋಗಿ ಮಂಕಾಗಿ ಮಾತು ತಡವರಿಸಿದರೆ, ಮಲದ ಬಣ್ಣ ಸುಣ್ಣದಂತೆ ಬಿಳುಪೇರಿದರೆ ಒಂದು ದಿನವೂ ಕಾಯಕೂಡದು. ಬಸುರಿನ ಕೊನೆಯ ತಿಂಗಳುಗಳಲ್ಲಿ ಹೆಪಟೈಟಿಸ್ ಇ ತಗುಲಿದರೆ ಐವರಲ್ಲಿ ಒಬ್ಬರು ಸಾಯಬಹುದು.

ಹಾವಿನ ವಿಷಯಕ್ಕೆ ಬಂದರೆ ರಿಯಾಯಿತಿಗೆ ಜಾಗವಿಲ್ಲ. ಹೊಗೆಸೊಪ್ಪಿನ ಹೊಲ, ಭತ್ತದ ಗದ್ದೆ, ಕಾಡಂಚು ಎಲ್ಲ ಇರುವ ಈ ತಾಲ್ಲೂಕುಗಳಲ್ಲಿ ಕೊಳಕುಮಂಡಲ, ನಾಗರಹಾವು, ಕಟ್ಟುಹಾವು ಮೂರೂ ಇವೆ. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಕಚ್ಚುವ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಆ ರೋಗಿಗಳೆಲ್ಲ ಬೇರು ಅರೆದು ಕೊಟ್ಟವರ, ಮಂತ್ರ ಹಾಕಿದವರ ಲೆಕ್ಕಕ್ಕೆ ಜಮೆಯಾಗುತ್ತಾರೆ. ನಿಜವಾಗಿ ವಿಷ ಏರಿದವನಿಗೆ ಬೇಕಾದದ್ದು ಪ್ರತಿವಿಷದ ಇಂಜೆಕ್ಷನ್ ಒಂದೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮಾಡುವ ಒಂದು ಸರಳ ಪರೀಕ್ಷೆಯನ್ನು ಇಲ್ಲಿ ಹೇಳಲೇಬೇಕು. ಚೊಕ್ಕಟವಾಗಿ ಒಣಗಿದ ಗಾಜಿನ ನಳಿಗೆಯಲ್ಲಿ ಎರಡು ಎಂ.ಎಲ್. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ನಿಲ್ಲಿಸುತ್ತಾರೆ. ಆಮೇಲೆ ನಳಿಗೆಯನ್ನು ಒಮ್ಮೆ ಓರೆ ಮಾಡಿದರೆ ರಕ್ತ ಹೆಪ್ಪುಗಟ್ಟಿದೆಯೋ ನೀರಿನಂತೆ ಹರಿಯುತ್ತದೋ ಗೊತ್ತಾಗುತ್ತದೆ. ಹರಿದರೆ ಕೊಳಕುಮಂಡಲದ ವಿಷ ಕೆಲಸ ಶುರುಮಾಡಿದೆ ಎಂದರ್ಥ. ಗಾಯ ಕೊಯ್ದು, ಬಿಗಿಯಾಗಿ ಹಗ್ಗ ಕಟ್ಟಿ, ಬೇರಿನ ರಸ ಕುಡಿಸಿ ಮೂರು ಗಂಟೆ ಕಳೆದು ಬಂದವನಲ್ಲಿ ಇದೇ ಪರೀಕ್ಷೆ ಕೆಟ್ಟ ಸುದ್ದಿ ತರುತ್ತದೆ: ಕೊಯ್ದ ಗಾಯದಿಂದ ಸೋರುವ ರಕ್ತ ನಿಲ್ಲುವುದಿಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು, ದೇಶದಲ್ಲೇ ಮೊದಲು. ಮರುತಿಂಗಳು ಕೇಂದ್ರವೂ 2030ರೊಳಗೆ ಸಾವನ್ನು ಅರ್ಧಕ್ಕಿಳಿಸುವ ಯೋಜನೆ ಹೊರಡಿಸಿತು. ನಾಟಿ ವೈದ್ಯರನ್ನು ಶತ್ರುಗಳೆಂದು ನೋಡಿದರೆ ಈ ಗುರಿ ಮುಟ್ಟಲಾಗದು. ಮೊದಲು ಸುದ್ದಿ ಹೋಗುವುದೇ ಅವರಿಗೆ. ಅವರು ‘ಮೊದಲು ಆಸ್ಪತ್ರೆಗೆ ನಡಿ’ ಎಂದರೆ ಕೇಳುವಷ್ಟು ಜನ ಡಾಕ್ಟರ ಮಾತನ್ನೂ ಕೇಳುವುದಿಲ್ಲ.

ಸರ್ಪಸುತ್ತು, ಲಕ್ವ, ಮುರಿದ ಮೂಳೆ, ಇವುಗಳಲ್ಲೂ ಹೀಗೆಯೇ ತಾನಾಗಿ ವಾಸಿಯಾಗುವ ಪಾಲು ಮತ್ತು ಕೈಮೀರುವ ಪಾಲು ಬೆರೆತಿವೆ. ಸರ್ಪಸುತ್ತಿಗೆ ಕೆಮ್ಮಣ್ಣು ಬಳಿಸಿದರೂ ಬಳಿಸದಿದ್ದರೂ ಎರಡು ಮೂರು ವಾರದಲ್ಲಿ ಗುಳ್ಳೆ ಒಣಗುತ್ತದೆ. ಆದರೆ ಮೊದಲ 72 ಗಂಟೆಯೊಳಗೆ ವೈರಾಣು ತಡೆಯುವ ಮಾತ್ರೆ ಸಿಕ್ಕರೆ ಗುಣ ಬೇಗ, ಕಣ್ಣಿನ ಹತ್ತಿರ ಎದ್ದರೆ ದೃಷ್ಟಿಯ ಪ್ರಶ್ನೆ. ಮುಖ ಮಾತ್ರ ಸೊಟ್ಟಗಾಗುವ ನರದ ತೊಂದರೆ ಹೆಚ್ಚಿನವರಲ್ಲಿ ವಾಸಿಯಾಗುತ್ತದೆ, ಹಾಗಾಗಿ ಲಕ್ವದ ಮದ್ದಿಗೆ ಹೆಸರು ಬರುತ್ತದೆ. ಅದೇ ಹೆಸರನ್ನು ನಂಬಿ, ಕೈಕಾಲು ಬಿದ್ದವನನ್ನು ಅಲ್ಲಿಗೇ ಒಯ್ದರೆ, ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ನಾಲ್ಕೂವರೆ ಗಂಟೆಯ ಅವಧಿ ದಾರಿಯಲ್ಲೇ ಮುಗಿದಿರುತ್ತದೆ. ಮೂಳೆ ಕಟ್ಟುವವರ ಕೈಚಳಕವನ್ನು ಮೆಚ್ಚುವ ಮೂಳೆತಜ್ಞರೂ ಇದ್ದಾರೆ. ಅವರೇ, ಬಿದಿರಿನ ಪಟ್ಟಿ ಬಿಗಿಯಾಗಿ ಬೆರಳು ಕಪ್ಪಾದ ಮಕ್ಕಳನ್ನು ನೋಡಿ ಮರುಗುವವರು.

ಔಷಧಿಗಿಂತ ಹೆಚ್ಚಾಗಿ ಎರಡು ಪದ್ಧತಿಗಳು ಪ್ರತಿದಿನ ಮುಖಾಮುಖಿಯಾಗುವುದು ಊಟದ ವಿಷಯದಲ್ಲಿ. ಚೀಟಿ ಕೈಗೆ ಬಂದಮೇಲೆ ರೋಗಿ ಎದ್ದು ನಿಂತು ಕೇಳುತ್ತಾನೆ: ‘ಪತ್ಯ ಏನಾರ ಮಾಡ್ಬೇಕಾ ಸಾ?’ ಹೊಸದಾಗಿ ಬಂದ ಡಾಕ್ಟರು ‘ಏನೂ ಇಲ್ಲ, ಎಲ್ಲಾ ತಿನ್ನಿ’ ಎಂದರೆ ರೋಗಿಯ ನಂಬಿಕೆ ಅರ್ಧ ಇಳಿಯುತ್ತದೆ. ಪಥ್ಯವಿಲ್ಲದ್ದು ಔಷಧಿಯೇ? ಪಳಗಿದ ಡಾಕ್ಟರು ‘ಕರಿದದ್ದು ಬಿಡು, ಮುದ್ದೆ ಸೊಪ್ಪಿನ ಸಾರು ಉಣ್ಣು, ಹೊಗೆಸೊಪ್ಪು ಮುಟ್ಟಬೇಡ’ ಎನ್ನುತ್ತಾರೆ. ಪಥ್ಯದ ಮಾತಿನೊಳಗೆ ತಮಗೆ ಬೇಕಾದ ಸಲಹೆಯನ್ನು ಇಟ್ಟು ಕೊಡುತ್ತಾರೆ. ಇದು ಒಳ್ಳೆಯ ವೈದ್ಯಕೀಯ. ಆದರೆ ಪಥ್ಯವೇ ಹಾನಿ ಮಾಡುವ ಕಡೆ ಗಟ್ಟಿಯಾಗಿ ಹೇಳಬೇಕಾಗುತ್ತದೆ. ಆಪರೇಷನ್ ಆದವರಿಗೆ ಮೊಟ್ಟೆ, ಬೇಳೆ ನಂಜೆಂದು ಕೊಡದೆ, ಬಾಣಂತಿಗೆ ನೀರನ್ನೂ ಅಳೆದು ಕೊಟ್ಟು, ಗಾಯ ಮಾಯದೆ, ಹಾಲು ಬತ್ತಿ ಮತ್ತೆ ಆಸ್ಪತ್ರೆಗೆ ಬರುವವರಿದ್ದಾರೆ.

ಹೊಗೆಸೊಪ್ಪಿನ ಕಾಲದಲ್ಲಿ ಇನ್ನೊಂದು ತೊಡಕು. ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಮುಂಗಾರಿನ ನಡುವೆ ಎಲೆ ಕಿತ್ತು, ಹದಗೊಳಿಸುವ ಗೂಡಾದ ಬ್ಯಾರನ್‌ಗೆ ಏರಿಸುತ್ತಾರೆ. ಮಳೆಯಲ್ಲಿ ನೆನೆದ ಎಲೆಯನ್ನು ಕಂಕುಳಿಗೆ ಅಮುಕಿಕೊಂಡು ಹೊರುವಾಗ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ. ಸಂಜೆಗೆ ತಲೆಸುತ್ತು, ವಾಂತಿ, ಸುಸ್ತು. ಮನೆಯವರು ಪಿತ್ತವೆಂದು ನಿಂಬೆಹಣ್ಣಿನ ಪಾನಕವೋ ಮಜ್ಜಿಗೆಯೋ ಕೊಡುತ್ತಾರೆ. ಅದು ತಪ್ಪಲ್ಲ, ಬಳಲಿದ ಮೈಗೆ ನೀರು ಬೇಕೇ ಬೇಕು. ತೊಂದರೆ ಏನೆಂದರೆ ಪಿತ್ತವೆಂದು ತಿಳಿದವಳು ಮರುದಿನ ಅದೇ ಒದ್ದೆ ಸೆರಗಿನಲ್ಲಿ ಹೊಲಕ್ಕೆ ಇಳಿಯುತ್ತಾಳೆ. ಒದ್ದೆ ಬಟ್ಟೆ ಬದಲಿಸು, ಸೋಪು ಹಚ್ಚಿ ತೊಳೆದುಕೋ, ಎಲೆ ಆರಿದ ಮೇಲೆ ಕೀಳು ಎಂದು ಹೇಳಬಲ್ಲವರು ಆ ಊರಿನ ಡಾಕ್ಟರೇ.

ಈಗ ಕಾನೂನಿನ ಮಾತು. ತಾಲ್ಲೂಕು ಕೇಂದ್ರ ಬಿಟ್ಟು ಹೋಬಳಿಗಳತ್ತ ಹೋದಂತೆ ‘ನಮ್ಮ ಡಾಕ್ಟ್ರು’ ಬಹುಮಟ್ಟಿಗೆ ಆಯುರ್ವೇದದ ಬಿಎಎಂಎಸ್ ಅಥವಾ ಹೋಮಿಯೋಪಥಿಯ ಬಿಎಚ್ಎಂಎಸ್ ಓದಿದವರು. ಅವರಲ್ಲಿ ಅನೇಕರ ಮೇಜಿನ ಮೇಲೆ ಪ್ಯಾರಾಸಿಟಮಾಲ್ ಮತ್ತು ಆ್ಯಂಟಿಬಯಾಟಿಕ್ಕುಗಳೇ ಕಾಣುತ್ತವೆ. ಹೋಮಿಯೋಪಥಿ ಓದಿದವರೊಬ್ಬರು ಇಂಗ್ಲಿಷ್ ಔಷಧಿ ಕೊಟ್ಟು ರೋಗಿ ಸತ್ತ ಪೂನಂ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ತಾನು ಓದದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವುದೇ ನಿರ್ಲಕ್ಷ್ಯ ಎಂದಿತು. 1998ರ ಮುಖ್ತಿಯಾರ್ ಚಂದ್ ತೀರ್ಪು, ರಾಜ್ಯದ ಕಾನೂನು ಒಪ್ಪಿದಷ್ಟರ ಮಟ್ಟಿಗೆ ಮಾತ್ರ ಅವರು ಇಂಗ್ಲಿಷ್ ಔಷಧಿ ಕೊಡಲು ಅವಕಾಶವಿದೆ ಎಂದಿತು. ಆಯುಷ್ ವೈದ್ಯರಿಗೆ ಸೇತುಬಂಧ ತರಬೇತಿ ಕೊಟ್ಟು ಇಂಗ್ಲಿಷ್ ಔಷಧಿ ಬರೆಯಲು ಬಿಡುವ ಪ್ರಸ್ತಾಪ 2017ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಸೂದೆಯಲ್ಲಿತ್ತು. ಭಾರತೀಯ ವೈದ್ಯಕೀಯ ಸಂಘ ಬೀದಿಗಿಳಿದ ಮೇಲೆ 2018ರಲ್ಲಿ ಅದನ್ನು ಕೈಬಿಟ್ಟರು. ಶಲ್ಯತಂತ್ರ, ಎಂದರೆ ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಓದಿದ ಆಯುರ್ವೇದ ವೈದ್ಯರು ಕೆಲವು ಆಪರೇಷನ್ ಮಾಡಬಹುದೆಂಬ 2020ರ ಅಧಿಸೂಚನೆಯ ವಿರುದ್ಧ ಅದೇ ಡಿಸೆಂಬರ್ 11ರಂದು ದೇಶದಾದ್ಯಂತ ಡಾಕ್ಟರುಗಳು ಕೆಲಸ ನಿಲ್ಲಿಸಿದರು. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಎಲ್ಲ ಕ್ಲಿನಿಕ್ಕುಗಳೂ ನೋಂದಣಿಯಾಗಬೇಕು. 2024ರಲ್ಲಿ ಬೋರ್ಡಿನ ಬಣ್ಣವನ್ನೂ ಗೊತ್ತುಮಾಡಿದರು, ಅಲೋಪಥಿಗೆ ತಿಳಿನೀಲಿ, ಆಯುರ್ವೇದಕ್ಕೆ ಹಸಿರು.

ಬಣ್ಣದಿಂದ ನಕಲಿ ಡಾಕ್ಟರು ಸಿಕ್ಕಿಬೀಳಬಹುದು, ಅಷ್ಟು ಒಳ್ಳೆಯದೇ. ಆದರೆ ಹಸಿರು ಬೋರ್ಡಿನ ಕೆಳಗೆ ರಾತ್ರಿ ಹತ್ತಕ್ಕೆ ಜ್ವರದ ಮಗುವನ್ನು ತಂದು ಮಲಗಿಸಿದ ತಾಯಿಗೆ ಅಲ್ಲಿ ಬೇರೆ ಯಾವ ಬೋರ್ಡೂ ಇರುವುದಿಲ್ಲ. ಎಂಬಿಬಿಎಸ್ ಡಾಕ್ಟರುಗಳು ಹೋಬಳಿಗೆ ಹೋಗದೆ, ಹೋದವರನ್ನು ‘ಮಿಶ್ರಪಥಿ’ ಎಂದು ಜರೆಯುವುದು ನ್ಯಾಯವಲ್ಲ. ಹಾಗೆಂದು ಆಯುರ್ವೇದ ಓದಿದವರು ಆಯುರ್ವೇದವನ್ನೇ ಮೂಲೆಗಿಟ್ಟು ಸೂಜಿ, ಗ್ಲೂಕೋಸಿನಲ್ಲಿ ದಿನ ತಳ್ಳುವುದು ಅವರ ಶಾಸ್ತ್ರಕ್ಕೂ ರೋಗಿಗೂ ಮಾಡುವ ಅನ್ಯಾಯ.

ಒಂದೇ ಸೂರಿನಡಿ ಎರಡೂ ಇದ್ದರೆ ಹೇಗಿರುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರೊಂದಿಗೆ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಎಚ್.ಡಿ. ಕೋಟೆಯ ಗಿರಿಜನರ ಹಾಡಿಗಳಲ್ಲಿ ಚಿಕಿತ್ಸೆ ಶುರುಮಾಡಿ, ಕೆಂಚನಹಳ್ಳಿಯಲ್ಲಿ ಸಣ್ಣ ಆಸ್ಪತ್ರೆ ಕಟ್ಟಿ, ಆಮೇಲೆ ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನು ತೆರೆಯಿತು. ಅಲ್ಲಿ ಅಲೋಪಥಿಯ ವಿಭಾಗಗಳ ಜೊತೆಗೆ ಆಯುರ್ವೇದ ವಿಭಾಗವೂ ಇದೆ. ಇದರ ಲಾಭ ಸಿದ್ಧಾಂತದ್ದಲ್ಲ, ಕೆಲಸದ್ದು. ಬೆನ್ನುನೋವಿನ ರೋಗಿಯನ್ನು ಎಕ್ಸ್‌ರೇ ನೋಡಿದ ಡಾಕ್ಟರೇ ಕೈಹಿಡಿದು ಪಕ್ಕದ ಕೋಣೆಗೆ ಕಳಿಸಬಹುದು. ಅಲ್ಲಿ ಸಂಶಯ ಬಂದರೆ ರೋಗಿ ಅಷ್ಟೇ ಸುಲಭವಾಗಿ ಹಿಂದಿರುಗಬಹುದು. ಬಿಳಿಗಿರಿರಂಗನ ಬೆಟ್ಟದಲ್ಲಿ, ಅದಿನ್ನೂ ಮೈಸೂರು ಜಿಲ್ಲೆಯೇ ಆಗಿದ್ದ 1981ರಲ್ಲಿ, ಡಾ. ಎಚ್. ಸುದರ್ಶನ್ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ ಸೋಲಿಗರ ಗಿಡಮೂಲಿಕೆ ಜ್ಞಾನವನ್ನು ಬದಿಗೊತ್ತದೆ ಆಧುನಿಕ ಚಿಕಿತ್ಸೆ ಕೊಟ್ಟಿತು.

ಕಾಸರಗೋಡಿನ ಉದಾಹರಣೆ ಇವೆರಡಕ್ಕಿಂತ ಬಿಗಿಯಾದದ್ದು. ಅಲ್ಲಿನ ಅನ್ವಯಿಕ ಚರ್ಮರೋಗ ಸಂಸ್ಥೆಯಲ್ಲಿ ಚರ್ಮತಜ್ಞ ಡಾ. ಎಸ್.ಆರ್. ನರಹರಿ ಮತ್ತು ಸಂಗಡಿಗರು ಆನೆಕಾಲು ರೋಗಕ್ಕೆ ಮೂರು ಪದ್ಧತಿಗಳನ್ನು ಹೆಣೆದರು. ಕಾಲು ತೊಳೆದು ಒರೆಸುವ ಶುಚಿ ಮತ್ತು ಸೋಂಕಿನ ಔಷಧಿ ಆಧುನಿಕ ವೈದ್ಯದ್ದು, ಎಣ್ಣೆಯ ತಿಕ್ಕಾಟ ಆಯುರ್ವೇದದ್ದು, ಉಸಿರಾಟ ಮತ್ತು ಆಸನ ಯೋಗದ್ದು. ಕೊನೆಗೆ ಬಟ್ಟೆಯ ಪಟ್ಟಿ ಸುತ್ತುವುದು. ಕಾಲಿನ ಗಾತ್ರವನ್ನು ಅಳೆದು, ಬರೆದಿಟ್ಟು, ಆಕ್ಸ್‌ಫರ್ಡಿನ ಚರ್ಮತಜ್ಞ ಟೆರೆನ್ಸ್ ರಯನ್ ಅವರ ಜೊತೆಗೂಡಿ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಬೆರೆಸುವುದಾದರೆ ಹೀಗೆ ಬೆರೆಸಬೇಕು, ಅಳತೆಪಟ್ಟಿ ಕೈಯಲ್ಲಿಟ್ಟುಕೊಂಡು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಈ ಸೀಮೆಯ ಮತ್ತೊಂದು ಪದ್ಧತಿಯ ನೆಲೆ. 1960ರ ದಶಕದ ಆರಂಭದಲ್ಲಿ ಇಲ್ಲಿ ನೆಲೆನಿಂತ ಟಿಬೆಟನ್ನರಿಗೆ ತಮ್ಮದೇ ವೈದ್ಯಶಾಸ್ತ್ರ ಸೋವಾ ರಿಗ್ಪಾ ಇದೆ. 1916ರಲ್ಲಿ ಲಾಸಾದಲ್ಲಿ ಹುಟ್ಟಿ 1961ರಲ್ಲಿ ಧರ್ಮಶಾಲೆಯಲ್ಲಿ ಮತ್ತೆ ತಲೆಯೆತ್ತಿದ ಮೆನ್‌ತ್ಸಿಖಾಂಗ್ ಸಂಸ್ಥೆಯ ಶಾಖೆ ಬೈಲಕುಪ್ಪೆಯಲ್ಲಿದೆ. ಭಾರತ ಸರ್ಕಾರ 2010ರಲ್ಲಿ ಈ ಪದ್ಧತಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಅದೇ ನೆಲೆಯಲ್ಲಿ ಅಲೋಪಥಿ ಆಸ್ಪತ್ರೆಗಳೂ ನಡೆಯುತ್ತವೆ.

ಎಲ್ಲ ಪದ್ಧತಿಗಳ ಬಗ್ಗೆ ಇಷ್ಟು ಸೌಜನ್ಯದಿಂದ ಮಾತಾಡಿದ ಮೇಲೆ ಔಷಧಿಯ ಗುಣಮಟ್ಟದ ಬಗ್ಗೆ ಕಟುವಾಗಿಯೇ ಹೇಳಬೇಕು. 2004ರಲ್ಲಿ ರಾಬರ್ಟ್ ಸೇಪರ್ ಮತ್ತು ಸಂಗಡಿಗರು ಅಮೆರಿಕದ ಬೋಸ್ಟನ್ ಸುತ್ತಲ ಅಂಗಡಿಗಳಲ್ಲಿ ಸಿಕ್ಕ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ, ಆರ್ಸೆನಿಕ್‌ಗಳಲ್ಲಿ ಒಂದಲ್ಲ ಒಂದು ಇತ್ತು. ಕೋವಿಡ್ ಕಾಲದಲ್ಲಿ ಮನೆಮನೆಯ ಕಷಾಯವಾದ ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟು ಬಿದ್ದ 43 ರೋಗಿಗಳ ವಿವರವನ್ನು ದೇಶದ ಹಲವು ಆಸ್ಪತ್ರೆಗಳ ತಜ್ಞರು 2022ರಲ್ಲಿ ಪ್ರಕಟಿಸಿದರು. ಜ್ಯೇಷ್ಠಮಧು ಹೆಚ್ಚಾದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಮಾತ್ರೆ ನುಂಗುವವರಿಗೆ ಇದು ಸಣ್ಣ ವಿಷಯವಲ್ಲ. ಹಾವಿನ ವಿಷಕ್ಕೆಂದು ಹೆಸರಾದ ಈಶ್ವರಿ ಬಳ್ಳಿಯ ಕುಲದ ಗಿಡಗಳಲ್ಲಿ ಅರಿಸ್ಟೋಲೋಕಿಕ್ ಆಮ್ಲವಿದೆ. ಅದೇ ಆಮ್ಲವಿದ್ದ ಚೀನೀ ಮೂಲಿಕೆಯನ್ನು ಮೈ ಇಳಿಸಲೆಂದು ನುಂಗಿದ ಬೆಲ್ಜಿಯಂನ ಹೆಂಗಸರ ಮೂತ್ರಪಿಂಡಗಳು ಕೆಟ್ಟದ್ದು 1990ರ ದಶಕದಲ್ಲಿ ಬಯಲಾಯಿತು. ಇನ್ನು ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿಗಳು. ಎರಡೇ ದಿನದಲ್ಲಿ ಕೀಲುನೋವು, ಉಬ್ಬಸ ಮಾಯವಾದರೆ ಅದರಲ್ಲಿ ಸ್ಟೆರಾಯ್ಡ್ ಇದೆಯೇ ಎಂದು ಅನುಭವಿ ಡಾಕ್ಟರು ಮೊದಲು ಅನುಮಾನಿಸುತ್ತಾರೆ. ಮುಖ ಊದಿ, ಸಕ್ಕರೆ ಏರಿದ ಮೇಲೆ ಬಂದ ರೋಗಿಗಳು ಅವರಿಗೆ ಆ ಪಾಠ ಕಲಿಸಿದ್ದಾರೆ.

ಗಿಡಮೂಲಿಕೆಯ ಶಕ್ತಿಯನ್ನು ಒಪ್ಪುವುದೂ ಇದೇ ಮಾತಿನ ಇನ್ನೊಂದು ಮುಖ. ಸರ್ಪಗಂಧದ ಬೇರು ಬಿಪಿ ಇಳಿಸುತ್ತದೆಂದು ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ಅದನ್ನು ಔಷಧಿಯಾಗಿ ಬಳಸಿತು. ಕೆಲಸ ಮಾಡುವ ಗಿಡಕ್ಕೆ ಪ್ರಮಾಣ, ಅಪಾಯ ಎರಡೂ ಇರುತ್ತವೆ.

ಕುಟುಂಬ ವೈದ್ಯರ ಓದಿನಲ್ಲಿ ಒಂದು ಅಸಮತೋಲವಿದೆ. ಆಯುರ್ವೇದದ ವಿದ್ಯಾರ್ಥಿ ಆಧುನಿಕ ಶರೀರಶಾಸ್ತ್ರ, ರೋಗನಿದಾನವನ್ನು ಸಾಕಷ್ಟು ಓದುತ್ತಾನೆ, ಇಂಟರ್ನ್‌ಶಿಪ್ಪಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ನೋಡುತ್ತಾನೆ. ಎಂಬಿಬಿಎಸ್ ವಿದ್ಯಾರ್ಥಿಗೆ 2021ರ ನಿಯಮದಂತೆ ಇಂಟರ್ನ್‌ಶಿಪ್ಪಿನಲ್ಲಿ ಭಾರತೀಯ ವೈದ್ಯ ಪದ್ಧತಿಗಳಲ್ಲಿ ಒಂದನ್ನು ನೋಡಲು ಸಿಗುವುದು ಒಂದು ವಾರ. ಅಷ್ಟರಲ್ಲಿ ಶಾಸ್ತ್ರ ಕಲಿಯಲಾಗದು, ಕಲಿಯಬೇಕಾಗಿಯೂ ಇಲ್ಲ. ಯಾವ ಕಷಾಯದಲ್ಲಿ ಏನಿದೆ, ಯಾವ ಭಸ್ಮದಲ್ಲಿ ಯಾವ ಲೋಹವಿದೆ, ಯಾವ ಮಾತ್ರೆಯ ಜೊತೆ ಯಾವುದು ಹೊಂದದು ಎಂಬುದನ್ನು ತಿಳಿದುಕೊಂಡರೆ, ಮತ್ತು ಆಯುರ್ವೇದದ ಒಬ್ಬ ವೈದ್ಯರ ಫೋನ್ ನಂಬರು ಸಂಪಾದಿಸಿಕೊಂಡರೆ, ಮುಂದಿನ ಮೂವತ್ತು ವರ್ಷದ ಪ್ರಾಕ್ಟೀಸಿಗೆ ಅದು ಬಂಡವಾಳ. ಜೊತೆಗೆ ಕೇಳುವ ದನಿಯನ್ನೂ ಕಲಿಯಬೇಕು. ‘ನಾಟಿ ಔಷಧಿ ಏನಾದ್ರೂ ತಗೊಂಡ್ಯಾ?’ ಎಂದು ಗದರಿಸಿದರೆ ‘ಇಲ್ಲ ಸಾ’ ಎಂಬ ಉತ್ತರ ತಯಾರಾಗಿರುತ್ತದೆ. ‘ಮನೇಲಿ ಏನು ಮಾಡಿದ್ರವ್ವ? ಯಾರತ್ರ ತೋರಿಸಿದ್ರಿ?’ ಎಂದರೆ ಸೆರಗಿನ ಗಂಟು ಬಿಚ್ಚಿ ಪೊಟ್ಟಣ ಮೇಜಿನ ಮೇಲೆ ಬರುತ್ತದೆ. ಬಂದ ಮೇಲೆ ಅದರ ಹೆಸರು ಚೀಟಿಯಲ್ಲಿ, ತಮ್ಮ ಮಾತ್ರೆಗಳ ಕೆಳಗೆ, ಬರೆಯಬೇಕು. ದೊಡ್ಡಾಸ್ಪತ್ರೆಗೆ ಹೋದಾಗ ಅಲ್ಲಿನವರಿಗೆ ತಿಳಿಯುವ ದಾರಿ ಆ ಒಂದು ಸಾಲೇ.

ಹೀಗೆ ಕೇಳಿ ಬರೆದಿಡುವುದು ತೀರಾ ತುರ್ತಾಗಿ ಬೇಕಾಗಿರುವುದು ಎಚ್.ಡಿ. ಕೋಟೆ, ಸರಗೂರು, ಹುಣಸೂರಿನ ಹಾಡಿಗಳಲ್ಲಿ. ಜೇನುಕುರುಬರು, ಕಾಡುಕುರುಬರು, ಎರವರು ಕಬಿನಿಯ ಜಲಾಶಯಕ್ಕೂ ನಾಗರಹೊಳೆಯ ಅಭಯಾರಣ್ಯಕ್ಕೂ ನೆಲೆ ಬಿಟ್ಟುಕೊಟ್ಟು, ಹುಣಸೂರಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಬಂದ ಮೇಲೆ, ಬೇಕಾದ ಗಿಡ ಬೇಕಾದ ಋತುವಿನಲ್ಲಿ ಕೈಗೆ ಸಿಗುವುದಿಲ್ಲ. ಮದ್ದು ಬಲ್ಲ ಹಿರಿಯರು ಸಿಕ್ಕಿದ್ದರಲ್ಲೇ ಸುಧಾರಿಸುತ್ತಾರೆ. ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಬಂದರೂ ಸೊಪ್ಪು ಬೇರು ತರಲು ಹೋದವರು ಗಾರ್ಡುಗಳ ಎದುರು ನಿಲ್ಲಬೇಕಾದ ಸ್ಥಿತಿ ತಪ್ಪಿಲ್ಲ. ಇದೇ ಜನರಲ್ಲಿ ಕುಡುಗೋಲು ಕಣ ರಕ್ತಹೀನತೆ ವಂಶಪಾರಂಪರ್ಯವಾಗಿ ಇದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನ 40 ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷಿಸಿ, 2047ರೊಳಗೆ ಈ ಕಾಯಿಲೆಯನ್ನು ತೊಡೆದುಹಾಕಲು ಹೊರಟಿದೆ. ಪತ್ತೆಯಾದವರಲ್ಲಿ ಅನೇಕರು ಜೀವನಪೂರ್ತಿ ಹೈಡ್ರಾಕ್ಸಿಯೂರಿಯಾ ಮಾತ್ರೆ ನುಂಗಬೇಕು. ಅದು ಬಿಳಿ ರಕ್ತಕಣಗಳನ್ನು ತಗ್ಗಿಸುವುದರಿಂದ ಆಗಾಗ ರಕ್ತ ಪರೀಕ್ಷೆ ಆಗಲೇಬೇಕು. ಕೀಲು, ಮೂಳೆ ಕಿತ್ತು ಬರುವಂಥ ನೋವು ಬಂದ ರಾತ್ರಿ ಹಾಡಿಯ ಹಿರಿಯರು ಬೇರು ತೇಯ್ದು ಕುಡಿಸುತ್ತಾರೆ, ಶಾಖ ಕೊಡುತ್ತಾರೆ. ಶಾಖ ಮತ್ತು ಬೆಚ್ಚಗಿನ ನೀರು ಡಾಕ್ಟರೂ ಹೇಳುವಂಥದ್ದೇ. ಬೇರು ಯಾವುದೆಂಬುದು ಮಾತ್ರ ಡಾಕ್ಟರಿಗೆ ಗೊತ್ತಾಗಬೇಕು, ಏಕೆಂದರೆ ಈ ಕಾಯಿಲೆಯಲ್ಲಿ ಮೂತ್ರಪಿಂಡ ಮೊದಲೇ ಬಳಲಿರುತ್ತದೆ. ಆ ಹಿರಿಯರನ್ನು ಕೂರಿಸಿಕೊಂಡು ಗಿಡದ ಗುರುತು ಕೇಳಿ ಬರೆದುಕೊಳ್ಳುವ ಕೆಲಸವನ್ನು ಹಾಡಿಗೆ ಹೋಗುವ ಆಶಾ ಕಾರ್ಯಕರ್ತೆ, ನರ್ಸು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ರಕ್ತ ಪರೀಕ್ಷೆಯ ಜೊತೆಗೇ ಮಾಡಬಹುದು.